ಅತ್ತೆ ಒಯ್ದ ಗಂಜಿ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ನಾನು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಸಭೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದದ್ದು ಮಂಗಳೂರು ಕಡೆಯ ಕಥೋಲಿಕ ಮನೆಗೆ. ಹೋದ ತಿಂಗಳು ನಮ್ಮ ಅತ್ತೆ ತೀರಿಕೊಂಡರು. ದಿನಾ ಸಂಜೆ ಜಪಮಾಲೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಉಪವಾಸ ಅವರಿಗೆ ತಪ್ಪುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿಗೆ ವರ್ಷಗಟ್ಟಲೆ ಪ್ರತಿ ಬೆಳಿಗ್ಗೆ ಗಂಜಿ ಒಯ್ದುಕೊಟ್ಟು, ಅವರ ಬಾಯಿ ಒರೆಸಿ ಬರುತ್ತಿದ್ದರು. ತವರಿನ ಪ್ರಾರ್ಥನಾ ಕೂಟದವರು, 'ಕ್ರಿಯೆಗಳಿಂದ ರಕ್ಷಣೆ (ಪಾಪದಿಂದ ಬಿಡುಗಡೆ) ಇಲ್ಲ, ಅದೆಲ್ಲ ವ್ಯರ್ಥ' ಎಂದರು. ನಮ್ಮ ಯಜಮಾನರು ಬೈಬಲಿನ ಯಾಕೋಬನ ಪತ್ರಿಕೆ ತೆಗೆದು, ಮನುಷ್ಯನು ನಂಬಿಕೆಯಿಂದ ಮಾತ್ರವೇ ನೀತಿವಂತನಾಗುವುದಿಲ್ಲ ಎಂಬ ವಾಕ್ಯ ತೋರಿಸಿದರು. ಈಗ ಗಂಜಿ ಒಯ್ಯುವವಳು ನಾನು. ಕೃಪೆಯೇ ಸಾಕು ಎಂದಾದರೆ ಇದನ್ನೆಲ್ಲ ಯಾಕೆ ಮಾಡಬೇಕು?

ಉತ್ತರ: ಸಹೋದರಿ, ಸಾವಾಗಿ ತಿಂಗಳಾದ ಮನೆಯಲ್ಲಿ ಆಡಬಾರದ ಮಾತನ್ನು ಆ ಕೂಟದವರು ಆಡಿದ್ದಾರೆ. ಅದು ನಿಮಗೆ ನೋವು ಕೊಟ್ಟಿರುವುದು ಸಹಜ. ಆ ಮಾತು ಅರ್ಧ ಮಾತ್ರ ಸರಿ. ಉಳಿದರ್ಧ ಅವರೇ ನಂಬುವ ವೇದವಾಕ್ಯಕ್ಕೆ ವಿರುದ್ಧ.

ಅವರು ಆಧಾರ ಮಾಡಿಕೊಳ್ಳುವುದು ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ, 8 ಮತ್ತು 9ನೇ ವಚನಗಳನ್ನು. ರಕ್ಷಣೆ ದೇವರ ವರ, ನಮ್ಮ ಕ್ರಿಯೆಗಳಿಂದ ಬಂದದ್ದಲ್ಲ, ಹಾಗಾಗಿ ಹೊಗಳಿಕೊಳ್ಳಲು ಯಾರಿಗೂ ಜಾಗವಿಲ್ಲ ಎನ್ನುತ್ತಾನೆ ಆ ಪತ್ರಿಕೆಯ ಅಪೊಸ್ತಲ ಪೌಲ. ನಿಜ. ಆದರೆ ಮುಂದೆ 10ನೇ ವಚನವೂ ಇದೆ. ನಾವು ದೇವರ ಕೈಕೆಲಸ, ಸತ್ಕ್ರಿಯೆಗಳಿಗಾಗಿಯೇ ಕ್ರಿಸ್ತನಲ್ಲಿ ಸೃಷ್ಟಿಯಾದವರು, ಆ ಕ್ರಿಯೆಗಳನ್ನು ದೇವರು ಮೊದಲೇ ಸಿದ್ಧಮಾಡಿ ಇಟ್ಟಿದ್ದಾನೆ ಎಂದು ಅದೇ ಉಸಿರಿನಲ್ಲಿ ಬರೆದಿದ್ದಾನೆ. ದೇವರು ಮೊದಲೇ ಸಿದ್ಧಮಾಡಿಟ್ಟದ್ದನ್ನು ವ್ಯರ್ಥ ಎನ್ನಲು ನಮಗೆ ಬಾಯಿ ಹೇಗೆ ಬಂದೀತು? ಒಂಬತ್ತಕ್ಕೇ ಬೈಬಲ್ ಮುಚ್ಚುವ ಅಭ್ಯಾಸ ನಮ್ಮ ಸಭೆಗಳಲ್ಲಿ ಹೆಚ್ಚಿದೆ. ನಾನು ಇದನ್ನು ಸಂಕಟದಿಂದಲೇ ಹೇಳುತ್ತಿದ್ದೇನೆ.

ಇನ್ನು ಯಾಕೋಬ. ಅವನೂ ಪೌಲನೂ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಇಬ್ಬರೂ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯದ ಒಂದೇ ವಾಕ್ಯವನ್ನು ಎತ್ತಿಕೊಳ್ಳುತ್ತಾರೆ: ಅಬ್ರಹಾಮ ದೇವರನ್ನು ನಂಬಿದ, ಅದು ಅವನಿಗೆ ನೀತಿಯೆಂದು ಎಣಿಕೆಯಾಯಿತು. ಮಗನೇ ಇಲ್ಲದ ಮುದುಕ, ರಾತ್ರಿ ಆಕಾಶದ ನಕ್ಷತ್ರ ನೋಡುತ್ತಾ ಬರಿಯ ಮಾತನ್ನು ನಂಬಿದ ಗಳಿಗೆ ಅದು. ಪೌಲ ನಿಲ್ಲುವುದು ಅಲ್ಲಿ. ಯಾಕೋಬ ಮುಂದೆ 22ನೇ ಅಧ್ಯಾಯಕ್ಕೆ, ದೇವರ ಮಾತಿಗೆ ಅಬ್ರಹಾಮ ಮಗನನ್ನೇ ಬಲಿಕೊಡಲು ಹೊರಟ ಕತೆಗೆ ಹೋಗುತ್ತಾನೆ. ಆ ಹೊತ್ತಿಗೆ ಇಸಾಕ ಹುಟ್ಟಿ, ಬೆಟ್ಟ ಹತ್ತುವಾಗ ಸೌದೆ ಹೊರುವಷ್ಟು ದೊಡ್ಡವನಾಗಿದ್ದಾನೆ. ಆ ರಾತ್ರಿಯ ನಂಬಿಕೆ ವರ್ಷಗಳ ಮೇಲೆ ನಡತೆಯಲ್ಲಿ ಪೂರ್ಣವಾಯಿತು ಎಂಬುದು ಯಾಕೋಬನ ಮಾತು. ಅವನು ಖಂಡಿಸುವ 'ನಂಬಿಕೆ' ಯಾವುದು ಎಂಬುದನ್ನೂ ನೋಡಿ. ದೆವ್ವಗಳೂ ದೇವರು ಒಬ್ಬನೇ ಎಂದು ನಂಬಿ ನಡುಗುತ್ತವೆ ಎನ್ನುತ್ತಾನೆ. ಹಸಿದವನಿಗೆ 'ಸಮಾಧಾನದಿಂದ ಹೋಗು, ಹೊಟ್ಟೆ ತುಂಬಿಸಿಕೋ' ಎಂದಷ್ಟೇ ಹೇಳಿ ಕಳಿಸುವ ನಂಬಿಕೆ ಅದು. ಪೌಲ ಎಂದೂ ಅದನ್ನು ನಂಬಿಕೆ ಎಂದು ಕರೆದಿಲ್ಲ. ಗಲಾತ್ಯದವರಿಗೆ ಬರೆಯುವಾಗ ಅವನು ಹೇಳುವುದು ಪ್ರೀತಿಯಿಂದ ಕೆಲಸಮಾಡುವ ನಂಬಿಕೆಯನ್ನು.

ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರನಿಗೂ ಯಾಕೋಬನ ಪತ್ರಿಕೆ ಗಂಟಲಲ್ಲಿ ಇಳಿದಿರಲಿಲ್ಲ. 1522ರಲ್ಲಿ ಜರ್ಮನ್ ಭಾಷೆಯ ಹೊಸ ಒಡಂಬಡಿಕೆ ಹೊರತಂದಾಗ ಅದನ್ನು ಹುಲ್ಲಿನ ಪತ್ರಿಕೆ ಎಂದುಬಿಟ್ಟ. ಆದರೆ ಅದೇ ವರ್ಷ ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ, ನಂಬಿಕೆ ಎಂಬುದು ಜೀವವುಳ್ಳದ್ದು, ಸದಾ ದುಡಿಯುವಂಥದ್ದು, ಒಳ್ಳೆಯದನ್ನು ಮಾಡದೆ ಇರಲು ಅದಕ್ಕೆ ಆಗುವುದೇ ಇಲ್ಲ ಎಂಬ ಅರ್ಥದ ಮಾತು ಬರೆದ. ಯಾಕೋಬನಿಗೆ ಬೇಕಾಗಿದ್ದೂ ಇದೇ ಅಲ್ಲವೇ?

ನಿಮ್ಮ ಅತ್ತೆಯವರ ಸಭೆ ಏನು ಕಲಿಸುತ್ತದೆ ಎಂಬುದನ್ನೂ ತವರಿನವರು ತಿಳಿದಿದ್ದರೆ ಚೆನ್ನಾಗಿತ್ತು. ಕಥೋಲಿಕರು ಕ್ರಿಯೆಗಳಿಂದಲೇ ಸ್ವರ್ಗ ಕೊಳ್ಳುತ್ತಾರೆ ಎಂಬುದು ನಾವು ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಲೂಥರನ ವಿರುದ್ಧ ಸೇರಿದ್ದ ಕಥೋಲಿಕರ ಟ್ರೆಂಟ್ ಮಹಾಸಭೆಯೇ 1547ರ ಜನವರಿಯಲ್ಲಿ, ಕ್ರಿಸ್ತನ ವರಪ್ರಸಾದವಿಲ್ಲದೆ ಮನುಷ್ಯ ತನ್ನ ಕ್ರಿಯೆಗಳಿಂದ ನೀತಿವಂತನಾಗಬಲ್ಲ ಎನ್ನುವವನನ್ನು ಬಹಿಷ್ಕರಿಸಿತು. ನಾವು ಕೃಪೆ ಎನ್ನುವುದನ್ನೇ ಅವರು ವರಪ್ರಸಾದ ಎನ್ನುತ್ತಾರೆ. ಜಪಮಾಲೆಯ 'ನಮೋ ಮರಿಯಾ' ಪ್ರಾರ್ಥನೆಯಲ್ಲಿ ನಿಮ್ಮ ಅತ್ತೆ ಮತ್ತೆ ಮತ್ತೆ ಹೇಳಿಕೊಂಡದ್ದೂ ಆ ಕೃಪೆಯ ಮಾತನ್ನೇ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದ ಮಾತ್ರ. ಆ ಕೃಪೆಯೇ ಹೃದಯ ಬದಲಿಸಿ ನಮ್ಮನ್ನು ಸತ್ಕ್ರಿಯೆಗೆ ಕರೆಯುತ್ತದೆ ಎಂಬುದು ಅದರ ಸಾರ. 2006ರಲ್ಲಿ ಇನ್ನೊಂದು ಪ್ರೊಟೆಸ್ಟಂಟ್ ಪಂಗಡವಾದ ಮೆಥಡಿಸ್ಟರೂ ಕೈಜೋಡಿಸಿದರು. ಸಿಎಸ್‌ಐಯ ಬೇರುಗಳಲ್ಲಿ ಮೆಥಡಿಸ್ಟರದ್ದೂ ಒಂದು. ಭಿನ್ನಾಭಿಪ್ರಾಯ ಪೂರಾ ಮುಗಿದಿಲ್ಲ. ಕೃಪೆ ಪಡೆದವರ ಸತ್ಕಾರ್ಯಕ್ಕೆ ಪ್ರತಿಫಲವಿದೆ ಎನ್ನುವಾಗ ಕಥೋಲಿಕರು ಬಳಸುವ ಭಾಷೆ ನನಗೆ ಈಗಲೂ ಒಗ್ಗುವುದಿಲ್ಲ. ಆದರೆ ಆ ಪ್ರತಿಫಲವೂ ದೇವರ ದಾನವೇ ಎಂದು ಅವರೂ ಹೇಳುತ್ತಾರೆ.

ನಮ್ಮ ನಿಜವಾದ ತೊಡಕು ಲೆಕ್ಕದ ಪುಸ್ತಕದ್ದು. ಪುಣ್ಯ ಗಳಿಸುವುದು, ಕೂಡಿಡುವುದು, ಕಳೆದುಕೊಳ್ಳುವುದು ಎಂದು ಹಣದ ಹಾಗೆ ಮಾತಾಡಿ ನಮಗೆ ರೂಢಿ. ಸಭಾಪಾಲಕನಾಗಿದ್ದಾಗ ಒಬ್ಬ ಹಿರಿಯರ ಕೊನೆಯ ದಿನಗಳಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ದಿಂಬಿನ ಕೆಳಗೆ ಒಂದು ನೋಟ್‌ಬುಕ್ ಇತ್ತು. ದೇವಾಲಯದ ಗೋಡೆಗೆ ಕೊಟ್ಟದ್ದು, ಅನಾಥಾಲಯಕ್ಕೆ ಕೊಟ್ಟ ಅಕ್ಕಿ, ಎಲ್ಲ ತಾರೀಖು ಸಮೇತ. ನನ್ನಿಂದ ಓದಿಸಿ, 'ಇಷ್ಟು ಸಾಕಾಗುತ್ತಾ ಪಾಸ್ಟರೇ?' ಎಂದು ಕೇಳಿದರು. ಅವರ ಕೈ ನಡುಗುತ್ತಿತ್ತು. ಉತ್ತರವಾಗಿ ಜಕ್ಕಾಯನ ಕತೆ ಓದಿದೆ. ಸುಂಕದ ಹಣದಲ್ಲಿ ಕೊಬ್ಬಿದ ಆ ಮನುಷ್ಯ ಯೇಸುವನ್ನು ನೋಡಲು ಮರ ಹತ್ತಿದ್ದ; ಅವನು ಇಳಿಯುವ ಮೊದಲೇ ಯೇಸು, 'ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು' ಎಂದ. ಲೆಕ್ಕ ಕೇಳಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಜಕ್ಕಾಯ ಹೇಳಿದ್ದು ಆಮೇಲೆ. ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದು ಬೈಬಲಿನ ಅರಣ್ಯಕಾಂಡದಲ್ಲಿದೆ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡಲು ಹೊರಟವನು ಲೆಕ್ಕ ಹಾಕುತ್ತಿರಲಿಲ್ಲ, ಸಂತೋಷದಲ್ಲಿದ್ದ. ಆ ಹಿರಿಯರು ಕೇಳಿಸಿಕೊಂಡು ತುಂಬ ಹೊತ್ತು ಸುಮ್ಮನಿದ್ದರು. ನೋಟ್‌ಬುಕ್ಕನ್ನು ಮತ್ತೆ ದಿಂಬಿನ ಕೆಳಗೆ ಇಡಲಿಲ್ಲ, ಮಗಳ ಕೈಗೆ ಕೊಟ್ಟರು.

ನಿಮ್ಮ ಅತ್ತೆಯವರ ಅಂತರಂಗ ದೇವರಿಗೆ ಗೊತ್ತು. ಅದನ್ನು ತೂಗುವ ಕೆಲಸ ನನ್ನದೂ ಅಲ್ಲ, ಕೂಟದವರದ್ದೂ ಅಲ್ಲ. ಆದರೆ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ನಾನು ಹಸಿದಿದ್ದಾಗ ನನಗೆ ಊಟ ಕೊಟ್ಟಿರಿ ಎಂದು ಕ್ರಿಸ್ತನು ಹೇಳಿದಾಗ, ನೀನು ಹಸಿದಿದ್ದನ್ನು ನಾವು ಯಾವಾಗ ಕಂಡೆವು ಸ್ವಾಮೀ ಎಂದು ಆಶ್ಚರ್ಯದಿಂದ ಕೇಳುವ ಜನರಿದ್ದಾರಲ್ಲ, ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಅವರು. ಇನ್ನು ನೀವು ಯಾಕೆ ಗಂಜಿ ಒಯ್ಯಬೇಕು? ಆ ಅಜ್ಜಿಗೆ ಹಸಿವಾಗುತ್ತದೆ, ಅದಕ್ಕೆ. ನಿಮ್ಮ ರಕ್ಷಣೆಯ ಚಿಂತೆಯನ್ನು ಕ್ರಿಸ್ತನು ಹೊತ್ತಿದ್ದಾನೆ. ಗಂಜಿಯ ಪಾತ್ರೆ ಹಿಡಿದು ಹೋಗುವಾಗ ನೀವು ಆ ಅಜ್ಜಿಯೊಬ್ಬರನ್ನೇ ನೆನೆದುಕೊಂಡು ಹೋಗಬಹುದು.

ಪ್ರಶ್ನೆ: ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಕಳ್ಳ ಒಂದೂ ಸತ್ಕ್ರಿಯೆ ಮಾಡದೆ ಪರದೈಸಿಗೆ (ಸ್ವರ್ಗಕ್ಕೆ) ಹೋದನಲ್ಲ, ಹಾಗಾದರೆ ಕೊನೆಗಳಿಗೆಯಲ್ಲಿ ನಂಬಿದರೆ ಸಾಲದೇ?

ಉತ್ತರ: ಅವನನ್ನು ರಕ್ಷಿಸಿದ್ದು ಕೃಪೆಯೇ, ಸಂಶಯವಿಲ್ಲ. ಆದರೆ ಒಂದೂ ಮಾಡಲಿಲ್ಲ ಎನ್ನಬೇಡಿ. ಕೈಕಾಲಿಗೆ ಮೊಳೆ ಬಿದ್ದವನಿಗೆ ಉಳಿದಿದ್ದು ನಾಲಿಗೆಯೊಂದೇ. ಅದರಿಂದ ತನ್ನ ತಪ್ಪು ಒಪ್ಪಿಕೊಂಡ, ನಿರಪರಾಧಿಯ ಪರ ಮಾತಾಡಿದ, ಹಂಗಿಸುತ್ತಿದ್ದ ಜೊತೆಗಾರನನ್ನು ಗದರಿಸಿದ. ಇಡೀ ಊರು ಯೇಸುವನ್ನು ಅಣಕಿಸುತ್ತಿದ್ದ ಹೊತ್ತಿನಲ್ಲಿ ಅಷ್ಟು ಮಾಡಿದ. ನಿಮಗೆ ಕೈಯೂ ಇದೆ, ಕಾಲೂ ಇದೆ, ನಾಳೆ ಬೆಳಗೂ ಇದೆ.