ಹಿಮದ ಸಂತರು ಹೋಗುವ ತನಕ

ಪ್ರಶ್ನೆ: ಜರ್ಮನಿಯ ಬವೇರಿಯಾದಲ್ಲಿರುವ ನನ್ನ ಮಗಳು ಮೇ ಮೊದಲ ವಾರದಲ್ಲಿ ಟೊಮೆಟೊ ಸಸಿಗಳನ್ನು ಹಿತ್ತಲಲ್ಲಿ ನೆಡಲು ಹೊರಟಾಗ, ನೆರೆಮನೆಯ ಅಜ್ಜಿಯೊಬ್ಬರು ‘ಹಿಮದ ಸಂತರು ಹೋಗಲಿ, ಆಮೇಲೆ ನೆಡು’ ಎಂದು ತಡೆದರಂತೆ. ಈ ಸಂತರು ಯಾರು? ಆ ಮಾತನ್ನು ನಂಬಬಹುದೇ? ನಮ್ಮ ಚರ್ಚಿನಲ್ಲಿ ಯಾರೂ ಇದನ್ನು ಹೇಳಿದ್ದು ಕೇಳಿಲ್ಲ.
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮೇ 11ರಿಂದ 15ರವರೆಗೆ ಅನುಕ್ರಮವಾಗಿ ಮಾಮೆರ್ಟಸ್, ಪ್ಯಾಂಕ್ರಾಸ್, ಸರ್ವೇಷಿಯಸ್, ಬೊನಿಫಾಸ್ ಮತ್ತು ಸೋಫಿಯಾ ಎಂಬ ಐವರು ಸಂತರ ಸ್ಮರಣೆಯ ದಿನಗಳು ಬರುತ್ತವೆ. ಉತ್ತರ ಜರ್ಮನಿಯವರು ಮಾಮೆರ್ಟಸರಿಂದ ಎಣಿಕೆ ತೊಡಗಿದರೆ, ಬವೇರಿಯಾ ಮತ್ತು ಆಸ್ಟ್ರಿಯಾದವರು ಅವರನ್ನು ಬಿಟ್ಟು ಪ್ಯಾಂಕ್ರಾಸರಿಂದ ಆರಂಭಿಸುತ್ತಾರೆ. ಕೊನೆಯವಳಿಗೆ ‘ತಣ್ಣನೆಯ ಸೋಫಿ’ ಎಂದೇ ಹೆಸರು. ಇವರಲ್ಲಿ ಯಾರಿಗೂ ಬದುಕಿದ್ದಾಗ ಹವಾಮಾನದ ಗೊಡವೆ ಇರಲಿಲ್ಲ. ಪ್ಯಾಂಕ್ರಾಸ್ ರೋಮಿನಲ್ಲಿ ಹದಿನಾಲ್ಕರ ಪ್ರಾಯದಲ್ಲೇ ಹುತಾತ್ಮನಾದನೆಂದು ಪ್ರತೀತಿಯಿರುವ ಬಾಲಕ. ಸರ್ವೇಷಿಯಸ್ 4ನೇ ಶತಮಾನದ ಬಿಷಪ್. ಪಂಚಾಂಗ ಕೈಯಲ್ಲಿಲ್ಲದ ರೈತನಿಗೆ ದಿನಾಂಕಕ್ಕಿಂತ ಸಂತರ ಹಬ್ಬ ನೆನಪಿಡುವುದು ಸುಲಭವಾಗಿದ್ದುದರಿಂದ, ಆ ದಿನಗಳ ಚಳಿಯ ಅಪವಾದ ಪಾಪ ಇವರ ತಲೆಗೆ ಬಂದಿತು.

ಮಾತಿನ ಹಿಂದೆ ಕಾರಣವಿಲ್ಲದಿಲ್ಲ. ವಸಂತದಲ್ಲಿ ಯುರೋಪಿನ ನೆಲ ಬಿಸಿಯಾಗಿದ್ದರೂ ಉತ್ತರ ಧ್ರುವದ ಕಡೆಯ ತಂಪು ಗಾಳಿ ಆಗಾಗ ಒಳನುಗ್ಗುತ್ತದೆ. ಅದರ ಬೆನ್ನಿಗೇ ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಬೇಗ ಕಳೆದುಕೊಂಡು, ಮುಂಜಾನೆಯ ಹೊತ್ತಿಗೆ ಎಳೆಯ ಸಸಿಗಳ ಮೇಲೆ ಹಿಮ ಕಟ್ಟುತ್ತದೆ. ಆದರೆ ಅದು ವರ್ಷವೂ ಇದೇ ಐದು ದಿನಗಳಲ್ಲಿ ಬರುತ್ತದೆಂಬ ನಿಯಮವಿಲ್ಲ. ಅಲ್ಲದೆ, 1582ರಲ್ಲಿ ಪೋಪ್ 13ನೇ ಗ್ರೆಗರಿ ಕ್ಯಾಲೆಂಡರ್ ತಿದ್ದಿ ಹತ್ತು ದಿನಗಳನ್ನು ಕೈಬಿಟ್ಟಾಗ ಹಬ್ಬಗಳು ಹಳೆಯ ದಿನಾಂಕದಲ್ಲೇ ಉಳಿದವು, ಋತು ಮಾತ್ರ ಉಳಿಯಲಿಲ್ಲ. ಅಂದಿನ ರೈತರು ಕಂಡ ಸೋಫಿಯ ಚಳಿ ಇಂದಿನ ಲೆಕ್ಕದಲ್ಲಿ ಮೇ 25ರ ಸುಮಾರಿಗೆ ಬೀಳುತ್ತದೆ. ಅಜ್ಜಿಯ ಎಚ್ಚರಿಕೆ ಅತಿಯಾಯಿತೆನ್ನುವವರು ಇದನ್ನು ಗಮನಿಸಬೇಕು. ನನ್ನ ದೃಷ್ಟಿಯಲ್ಲಿ ಅದು ತುಸು ಕಡಿಮೆಯೇ ಆಯಿತು.

ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರಷ್ಟು ಹಳೆಯದಾದರೂ ಅಲ್ಲಿ ಈ ಮಾತು ಕೇಳದಿರುವುದು ಸಹಜ, ಏಕೆಂದರೆ ಮೇ ನಡುವಿನಲ್ಲಿ ಕೊಡಗಿನ ತೋಟಗಾರನಿಗೆ ಹಿಮದ ಭಯವಿಲ್ಲ. ಅವನ ಆತಂಕವೆಲ್ಲ ಅದಕ್ಕೆ ಮೊದಲೇ, ಕಾಫಿಯ ಹೂಮಳೆ ಸಕಾಲಕ್ಕೆ ಬಿತ್ತೇ ಎಂಬುದರಲ್ಲಿ ಮುಗಿದಿರುತ್ತದೆ. ನಮ್ಮ ರೈತರು ಸಂತರ ಬದಲು ಮಳೆ ನಕ್ಷತ್ರಗಳನ್ನು ಹಿಡಿದು ಎಣಿಸಿದರು: ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವ ಭರಣಿ ಮುಗಿದು ಕೃತ್ತಿಕೆ ಹಿಡಿಯುವುದೂ ಈಗ ಮೇ 11ರ ಆಸುಪಾಸಿನಲ್ಲೇ. ಸೂರ್ಯನನ್ನು ನಕ್ಷತ್ರಗಳ ನಡುವೆ ಗುರುತಿಸುವ ಈ ಲೆಕ್ಕವೂ ಋತುವಿನಿಂದ ಸುಮಾರು 72 ವರ್ಷಕ್ಕೊಂದು ದಿನ ಸರಿಯುತ್ತಿದೆ, ಆದರೆ ಸಂತರ ದಿನಗಳಂತೆ ಒಂದೇ ಏಟಿಗೆ ಹತ್ತು ದಿನ ಜಿಗಿದಿಲ್ಲ.

ನಿಮ್ಮ ಮಗಳು ಸಸಿಗಳನ್ನು ಮೇ 15ರ ತನಕ ಕುಂಡದಲ್ಲೇ ಇಟ್ಟು, ಹಗಲು ಹೊರಗೆ ಬಿಸಿಲಿಗಿಟ್ಟು ಸಂಜೆ ಒಳಗೆ ತರಲಿ. ನೆಟ್ಟ ಮೇಲೂ ತಿಂಗಳ ಕೊನೆಯವರೆಗೆ, ಮೋಡವಿಲ್ಲದ ತಂಪು ರಾತ್ರಿಗಳಲ್ಲಿ ಸಸಿಗಳಿಗೆ ಹಳೆಯ ಬಟ್ಟೆ ಹೊದಿಸುವುದು ಒಳ್ಳೆಯದು.