ಗಡಿ ತಾಲ್ಲೂಕಿಗೆ ಎಸ್‌ಇಝಡ್ ಬಂದರೆ ಸಾಕಾ?

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: 'ಚೀನಾದ ಶೆನ್‌ಜೆನ್ ಗಡಿಯ ಊರು. ವಿಶೇಷ ಆರ್ಥಿಕ ವಲಯ (ಎಸ್‌ಇಝಡ್) ಮಾಡಿದ ಮೇಲೆ ಎಲ್ಲಿಗೋ ಹೋಯಿತು. ನಮ್ಮದೂ ಗಡಿಯೇ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಓದಿದ ಹುಡುಗರು ಹೈದರಾಬಾದ್ ಸೇರಿದ್ದಾರೆ. ಇಲ್ಲೊಂದು ಎಸ್‌ಇಝಡ್ ಮಾಡಲು ಏನು ಕಷ್ಟ?'

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದು. ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ತೀರಾ ಹಿಂದುಳಿದಿವೆ ಅಂತ ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತ್ತು. ಇಷ್ಟು ವರ್ಷ ಆದಮೇಲೂ ನಿಮ್ಮಂಥವರು ಪತ್ರ ಬರೆಯಬೇಕಾಗಿದೆ ಅನ್ನೋದು ಬೇಸರದ ಸಂಗತಿ.

ಆದರೆ ಶೆನ್‌ಜೆನ್ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1980ರಲ್ಲಿ ಅಲ್ಲಿ ವಲಯ ಶುರುವಾದಾಗ ಹೊಳೆಯ ಆಚೆ ಬ್ರಿಟಿಷ್ ಆಡಳಿತದ ಹಾಂಗ್‌ಕಾಂಗ್ ಇತ್ತು. ದುಡ್ಡು, ಬಂದರು, ವಿದೇಶಿ ಆರ್ಡರು ಎಲ್ಲಾ ಆಚೆ ಕಡೆ. ಕೂಲಿಯೂ ಆಚೆಯೇ ಜಾಸ್ತಿ, ಅದಕ್ಕೇ ಈಚೆಯ ಜನ ಜೀವದ ಹಂಗು ತೊರೆದು ಈಜಿಕೊಂಡು ದಾಟುತ್ತಿದ್ದರು. ವಲಯ ಆದಮೇಲೆ, ಜಾಗ ಮತ್ತು ಕೂಲಿ ದುಬಾರಿಯಾಗಿ ಸೋತಿದ್ದ ಹಾಂಗ್‌ಕಾಂಗ್ ಕಾರ್ಖಾನೆಗಳೇ ಯಂತ್ರ ಹೊತ್ತು ಈಚೆ ಬಂದವು. ಹಾಗಾಗಿ ವಲಯದಲ್ಲಿ ಸಿಗುವ ತೆರಿಗೆ ರಿಯಾಯಿತಿ ಒಂದರಿಂದಲೇ ಆದದ್ದಲ್ಲ ಅದು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈ ವಲಯಕ್ಕೂ ಉಳಿದ ಚೀನಾಕ್ಕೂ ನಡುವೆ 80 ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿದ್ದರು. ಚೀನೀಯರೇ ಒಳಗೆ ಹೋಗಬೇಕಾದರೂ ಪರವಾನಗಿ ಬೇಕಿತ್ತು. ಆ ಬೇಲಿಯ ಗಡಿಯನ್ನು ಅಧಿಕೃತವಾಗಿ ರದ್ದು ಮಾಡಿದ್ದು 2018ರಲ್ಲಿ.

ನಮ್ಮ ದೇಶದ 2005ರ ಎಸ್‌ಇಝಡ್ ಕಾನೂನಿನಲ್ಲೂ ಅಂಥದ್ದೇ ಒಂದು ಬೇಲಿ ಇದೆ, ಕಾಗದದ ಮೇಲೆ. ಎಸ್‌ಇಝಡ್ ಅಂದರೆ ಸುಂಕದ ಲೆಕ್ಕದಲ್ಲಿ ದೇಶದ ಹೊರಗಿನ ಜಾಗ. ಒಳಗೆ ತಯಾರಾದ ಮಾಲನ್ನು ನಮ್ಮ ಪೇಟೆಗೇ ಮಾರಿದರೂ ಆಮದು ಮಾಲಿನ ಹಾಗೆ ಸುಂಕ ಕಟ್ಟಬೇಕು. ಈಗ ನಿಮ್ಮ ಊರನ್ನೇ ತಗೊಳ್ಳಿ. ನಿಮ್ಮಲ್ಲಿ ಬೆಳೆಯುವುದು ತೊಗರಿ, ಉದ್ದು, ಹೆಸರು, ಸೋಯಾ. ಬೇಳೆ ತಿನ್ನುವವರು ಹೈದರಾಬಾದ್, ಮಹಾರಾಷ್ಟ್ರದ ಉದಗೀರ್, ಬೆಂಗಳೂರಿನಲ್ಲಿ ಇದ್ದಾರೆ, ದುಬೈಗೆ ಹೋಗುವುದು ಸ್ವಲ್ಪ. ದಾಲ್ ಮಿಲ್ಲನ್ನು ಎಸ್‌ಇಝಡ್ ಒಳಗಿಟ್ಟು, ನಾಲ್ಕು ಹೆಜ್ಜೆ ಆಚೆಯ ಉದಗೀರಿಗೆ ಬೇಳೆ ಕಳಿಸಲು ಸುಂಕ ಕಟ್ಟುವುದು ಯಾವ ಲೆಕ್ಕ ಹೇಳಿ? ನಿಮ್ಮದು ರಾಜ್ಯದ ಗಡಿ, ಅಲ್ಲಿ ಈಗಲೇ ಸುಂಕವಿಲ್ಲ. ಅದೇ ನಿಮಗಿರುವ ಅನುಕೂಲ.

ಹಾಗಂತ ಗಡಿ ಕಡೆ ಎಸ್‌ಇಝಡ್ ಗೆದ್ದೇ ಇಲ್ಲ ಅಂತಲ್ಲ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿಯವರ 250 ಎಕರೆಯ ವಲಯದಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಅದರ ಬೇರು ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿದೆ ಅಂತ ನನ್ನ ನಂಬಿಕೆ. ಅಲ್ಲಿ ಹತ್ತಾರು ವರ್ಷದಿಂದ ಲೋಹ ಎರಕ ಹೊಯ್ಯುವ ಫೌಂಡ್ರಿಗಳಿವೆ. ಅಲ್ಲಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ನೋಡಿದ ಹುಡುಗ, ಲೇತ್‌ನಿಂದ ಇಳಿಸಿದ ಬಿಸಿ ತುಂಡನ್ನು ಬಟ್ಟೆಯಲ್ಲಿ ಹಿಡಿದು, ಮೈಕ್ರೋಮೀಟರ್ ಇಟ್ಟು ನೋಡಿ, ತಲೆ ಅಲ್ಲಾಡಿಸಿ ಪಕ್ಕಕ್ಕೆ ಹಾಕಿದ. ಕೂದಲೆಳೆಯಷ್ಟು ವ್ಯತ್ಯಾಸ ಇತ್ತಂತೆ. ಆ ಕೈ ಮೊದಲೇ ತಯಾರಿತ್ತು, ವಲಯ ಆಮೇಲೆ ಬಂತು.

ಜಮೀನಿನ ಮಾತೂ ಇದೆ. ದೇಶದಲ್ಲಿ ಎಸ್‌ಇಝಡ್‌ಗೆ ಅಂತ ಅಧಿಸೂಚನೆ ಆದ ಸುಮಾರು 45,600 ಹೆಕ್ಟೇರಿನಲ್ಲಿ ಕೆಲಸ ಶುರುವಾದದ್ದು 28,500 ಹೆಕ್ಟೇರಿನಲ್ಲಿ ಮಾತ್ರ ಅಂತ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2014ರಲ್ಲಿ ವರದಿ ಕೊಟ್ಟಿತು. ತೊಗರಿ ಬೆಳೆಯುವ ಕಪ್ಪು ನೆಲಕ್ಕೆ ಬೇಲಿ ಹಾಕಿ ಜಾಲಿ ಬೆಳೆಸುವುದನ್ನು ನಾನಂತೂ ಒಪ್ಪಲಾರೆ.

ನಿಮ್ಮ ಶಾಸಕರ ಹತ್ತಿರ ಹೋದಾಗ ಗೋದಾಮು ಕೇಳಿ, ಮೂರು ಫೇಸ್ ಕರೆಂಟು ಹಗಲು ಹೊತ್ತು ಕೇಳಿ, ಐಟಿಐನಲ್ಲಿ ಓಡುವ ಯಂತ್ರ ಮತ್ತು ಕಲಿಸುವ ಮೇಷ್ಟ್ರನ್ನು ಕೇಳಿ. ಆಮೇಲೆ ನನಗೊಂದು ಪತ್ರ ಬರೆಯಿರಿ. ಈ ಸಲ ನಿಮ್ಮೂರಿನ ತೊಗರಿ ಯಾವ ಪೇಟೆಗೆ ಹೋಯಿತು, ಲಾರಿ ಬಾಡಿಗೆ ಎಷ್ಟಾಯಿತು, ಬೇಳೆ ಮಾಡಿಸಿದವರು ಯಾರು. ಅದನ್ನು ಮುಂದಿನ ಸಂಚಿಕೆಯಲ್ಲಿ ಹಾಗೇ ಹಾಕುತ್ತೇನೆ.

— ಸಂಪಾದಕ