ಸರ್, ಡಿಫೆಂಡರ್ ಆಫ್ ಮಾಡಬೇಡಿ, ಮೊದಲು ಹಾರ್ಡ್‌ಡಿಸ್ಕ್ ವೈರ್ ತೆಗೆಯಿರಿ

ಸರ್, ಈ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದರೆ ಆಗಲೇ ಬರೆಯುತ್ತಿದ್ದೆ. ಫೋಟೊ ಎಡಿಟ್ ಮಾಡುವ ಲೈಟ್‌ರೂಮ್‌ನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳ ಪ್ರತಿ, ಡೌನ್‌ಲೋಡ್ ಮಾಡಿದ್ದೀರಿ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಅದನ್ನು ಪದೇ ಪದೇ ಹಿಡಿದು ಅಳಿಸುತ್ತಿದೆ. ವಿಡಿಯೋದಲ್ಲಿ ಹೇಳಿದ ಹಾಗೆ ಡಿಫೆಂಡರ್ ಆಫ್ ಮಾಡಿ ಹಾಕಲಾ ಅಂತ ಕೇಳಿದ್ದೀರಿ. ಜೊತೆಗೆ "ಹಕ್ಕಿ ಫೋಟೊಗಳೆಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೂ ಇವೆ, ಅದು ಯಾವಾಗಲೂ ಸಿಕ್ಕಿಸಿಯೇ ಇರುತ್ತದೆ, ಹಾಗಾಗಿ ಭಯ ಇಲ್ಲ" ಅಂತಲೂ ಬರೆದಿದ್ದೀರಿ. ಕೆಳಗೆ ಇಬ್ಬರು "ಮಾಡಿ, ಏನೂ ಆಗಲ್ಲ, ನಾನೂ ಹಾಗೇ ಹಾಕಿದ್ದು" ಅಂದಿದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಮೊದಲು ಎದ್ದು ಹೋಗಿ ಆ ಡಿಸ್ಕ್‌ಗೆ ಎಜೆಕ್ಟ್ ಕೊಟ್ಟು ವೈರ್ ತೆಗೆಯಿರಿ. ಆಮೇಲೆ ಬಂದು ಮುಂದೆ ಓದಿ.

2019ರ ನವೆಂಬರ್‌ನಲ್ಲಿ ನಾನು ಮಾಡಿದ್ದೂ ಇದೇ. ಅದೇ ಲೈಟ್‌ರೂಮ್, ಅದೇ ಸದಾ ಸಿಕ್ಕಿಸಿಟ್ಟ ಡಿಸ್ಕ್, ಅದೇ ಧೈರ್ಯ. ಝಿಪ್‌ಗೆ ಪಾಸ್‌ವರ್ಡ್ ಇತ್ತು, 1234 ಅಂತ ಆ ಪುಟದಲ್ಲೇ ಬರೆದಿದ್ದರು. ನಿಮ್ಮದರಲ್ಲೂ ಇರಬೇಕು, ನೋಡಿ. ಪಾಸ್‌ವರ್ಡ್ ಹಾಕಿದ ಝಿಪ್‌ನ ಒಳಗೆ ಏನಿದೆ ಅಂತ ಅದನ್ನು ಬಿಚ್ಚುವವರೆಗೆ ಆಂಟಿವೈರಸ್‌ಗೆ ನೋಡಲು ಆಗುವುದಿಲ್ಲ. ಅದಕ್ಕೇ ಹಾಕುವುದು. ನಾನು ಡಿಫೆಂಡರ್ ಆಫ್ ಮಾಡಿ ಸೆಟಪ್ ಒತ್ತಿದೆ. ಏನೂ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಅನ್ನುವ ಒಂದು ಕಿಟಕಿ ಬಂತು. ಸರಿ, ಅಪ್‌ಡೇಟ್ ಮುಗಿಯಲಿ ಅಂತ ಊಟಕ್ಕೆ ಹೋದೆ. ಡಿಸ್ಕ್‌ನ ಲೈಟ್ ಒಂದೇ ಸಮನೆ ಮಿನುಗುತ್ತಿತ್ತು, ಅದನ್ನೂ ನೋಡಿದ್ದೆ. ಆ ಕಿಟಕಿ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಒಳಗೆ ಕೆಲಸ ನಡೆಯುವಾಗ ನಾವು ಕಂಪ್ಯೂಟರ್ ಆಫ್ ಮಾಡದಿರಲಿ ಅಂತ ಅದನ್ನು ತೋರಿಸುತ್ತಾರೆ.

ಊಟ ಮಾಡಿ ಬಂದಾಗ ಪ್ರತಿ ಫೋಟೊದ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಹೊಸದಾಗಿ ಸೇರಿತ್ತು. ಯಾವುದೂ ತೆರೆಯಲಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ರೀಡ್‌ಮಿ ಅಂತ ಒಂದು ಟೆಕ್ಸ್ಟ್ ಫೈಲ್. 980 ಡಾಲರ್ ಕೊಡಿ, 72 ಗಂಟೆಯೊಳಗೆ ಆದರೆ 490 ಡಾಲರ್ ಸಾಕು ಅಂತ. ಆಗಿನ ಲೆಕ್ಕದಲ್ಲಿ ಸುಮಾರು 35 ಸಾವಿರ ರೂಪಾಯಿ. ಎಕ್ಸ್‌ಟರ್ನಲ್ ಡಿಸ್ಕ್ ತೆರೆದರೆ ಅಲ್ಲೂ ಅದೇ ಕಥೆ. ಕಂಪ್ಯೂಟರ್‌ಗೆ ಅದೂ ಇನ್ನೊಂದು ಡ್ರೈವ್ ಅಷ್ಟೇ ಅಲ್ವಾ? ನಾವು ಬ್ಯಾಕಪ್ ಅಂತ ಹೆಸರಿಟ್ಟರೆ ಅದಕ್ಕೇನು ಗೊತ್ತು. ಮಂಡಗದ್ದೆ ಪಕ್ಷಿಧಾಮದಲ್ಲಿ ನಾಲ್ಕು ಮಳೆಗಾಲ ತೆಗೆದ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲವೂ ಅದರಲ್ಲಿದ್ದವು. ಗೂಡು ಕಟ್ಟುವುದರಿಂದ ಮರಿ ಹಾರುವವರೆಗೆ ಒಂದೇ ಕೊಂಬೆಯನ್ನು ವಾರ ವಾರ ಹೋಗಿ ತೆಗೆದ ಒಂದು ಸರಣಿಯೂ ಇತ್ತು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನನಗೆ ಬಂದದ್ದು ಸ್ಟಾಪ್ ಡಿಜೆವಿಯು ಅನ್ನುವ, ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್. ದೊಡ್ಡ ಕಂಪನಿಗಳನ್ನು ಹುಡುಕಿಕೊಂಡು ಹೋಗುವಂಥದ್ದಲ್ಲ, ನಮ್ಮಂಥ ಮನೆ ಕಂಪ್ಯೂಟರ್‌ನವರಿಗೇ ಬರುವುದು. ಮುಖ್ಯ ದಾರಿ ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸಲು ಹಾಕುವ ಕ್ರ್ಯಾಕ್, ಕೀಜೆನ್, ಆಕ್ಟಿವೇಟರ್. ಎಮ್ಸಿಸಾಫ್ಟ್ ಅನ್ನುವ ಕಂಪನಿ ಆ ಬೀಗ ಬಿಡಿಸುವ ಉಚಿತ ಡಿಕ್ರಿಪ್ಟರ್ ಬಿಟ್ಟಿದ್ದು 2019ರ ಅಕ್ಟೋಬರ್‌ನಲ್ಲಿ. ಅಂದರೆ ನನಗೆ ಬಡಿಯುವ ಒಂದು ತಿಂಗಳು ಮೊದಲೇ. ಆದರೂ ನನಗೆ ಉಪಯೋಗ ಆಗಲಿಲ್ಲ. ಆ ವರ್ಷದ ಆಗಸ್ಟ್ ಕೊನೆಯ ಮೇಲೆ ಬಂದ ತಳಿಗಳಲ್ಲಿ, ಬೀಗ ಹಾಕುವಾಗ ಕಂಪ್ಯೂಟರ್ ಕಳ್ಳರ ಸರ್ವರ್ ಜೊತೆ ಮಾತಾಡಿದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೀ. ಸರ್ವರ್ ಸಿಗದಿದ್ದರೆ ಮಾತ್ರ ಎಲ್ಲರಿಗೂ ಒಂದೇ ಆಫ್‌ಲೈನ್ ಕೀ. ಆ ರೀಡ್‌ಮಿಯಲ್ಲಿರುವ ಐಡಿ ಟಿ1 ಅಂತ ಕೊನೆಯಾದರೆ ಆಫ್‌ಲೈನ್ ಕೀ ಅಂತ ಅರ್ಥ, ಆಸೆ ಇಟ್ಟುಕೊಳ್ಳಬಹುದು. ನನ್ನದು ಹಾಗಿರಲಿಲ್ಲ. ವಿಂಡೋಸ್ ಇಟ್ಟುಕೊಳ್ಳುವ ಹಳೆ ಪ್ರತಿಗಳು, ಪ್ರೀವಿಯಸ್ ವರ್ಶನ್ಸ್, ನೋಡಿದೆ, ಅದನ್ನೂ ಅಳಿಸಿತ್ತು. ಡೇಟಾ ರಿಕವರಿಯವರೊಬ್ಬರು ನಾವು ಬಿಡಿಸಿಕೊಡುತ್ತೇವೆ ಅಂತ ಖಚಿತವಾಗಿ ಹೇಳಿ 60 ಸಾವಿರ ಕೇಳಿದರು. ಕೀ ಇಲ್ಲದೆ ಅದು ಯಾರಿಂದಲೂ ಆಗುವುದಿಲ್ಲ. ಅಂಥವರಲ್ಲಿ ಕೆಲವರು ನಮ್ಮ ದುಡ್ಡಿನಲ್ಲೇ ಕಳ್ಳರಿಗೆ ಕಟ್ಟಿ ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ನಾನು ಇಬ್ಬರಿಗೂ ಕೊಡಲಿಲ್ಲ.

ಸ್ವಲ್ಪ ವಾಪಸ್ ಸಿಕ್ಕಿತು, ಅದನ್ನೂ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಈ ತಳಿ ಬೇಗ ಮುಗಿಸಬೇಕು ಅಂತ ಪ್ರತಿ ಫೈಲಿನ ಮೊದಲ 150 ಕೆಬಿಗೆ ಮಾತ್ರ ಬೀಗ ಹಾಕುತ್ತದೆ. ಕ್ಯಾಮೆರಾದ ಮೂಲ ಮಾಹಿತಿ ಪೂರ್ತಿ ಇರುವ ರಾ ಫೈಲ್ 25 ಎಂಬಿ ಇದ್ದರೆ ಉಳಿದದ್ದು ಹಾಗೇ ಇರುತ್ತದೆ. ಅದರೊಳಗೆ ಕ್ಯಾಮೆರಾ ಅಡಗಿಸಿಟ್ಟ ಜೆಪೆಗ್ ಪ್ರಿವ್ಯೂ ಎಷ್ಟೋ ಸಲ ಪೂರ್ತಿ ಸಿಗುತ್ತದೆ. ಬರೀ ಜೆಪೆಗ್ ಆದರೆ ತಲೆಭಾಗ ಹೋಗಿರುತ್ತದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಬೇರೆ ಫೋಟೊದ ತಲೆ ಜೋಡಿಸಿದರೆ ಮೇಲಿನ ಪಟ್ಟಿ ಬಿಟ್ಟು ಉಳಿದದ್ದು ಬರುತ್ತದೆ. ಮೆಮೊರಿ ಕಾರ್ಡ್ ಮೇಲೆ ಫೋಟೊರೆಕ್ ಅನ್ನುವ ಫೈಲ್ ಹುಡುಕುವ ಸಾಫ್ಟ್‌ವೇರ್ ಓಡಿಸಿ, ಅಳಿಸಿದ್ದ ಸುಮಾರು 300 ಚಿತ್ರ ತೆಗೆದೆ. ಹಾಗಾಗಿ ಇಂಥದ್ದು ಆದ ದಿನ ಕಾರ್ಡ್‌ಗೆ ಹೊಸದು ಬರೆಯಬೇಡಿ, ಎಸ್‌ಡಿ ಕಾರ್ಡ್ ಆದರೆ ಬದಿಯ ಲಾಕ್ ಕೆಳಗೆ ತಳ್ಳಿ. ಬೀಗ ಬಿದ್ದ ಫೈಲ್‌ಗಳನ್ನೂ ಅಳಿಸಬೇಡಿ. ಯೂರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಹೊಸ ಕೀಗಳು ಆಗಾಗ ಬರುತ್ತವೆ. ನನ್ನ ಹಳೆ ಡಿಸ್ಕ್ ಇನ್ನೂ ಬೀರುವಿನಲ್ಲಿದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈ ಕ್ರ್ಯಾಕ್‌ಗಳು ಬರೀ ಬೀಗ ಹಾಕಿ ಸುಮ್ಮನಾಗುವುದಿಲ್ಲ. ಪಾಸ್‌ವರ್ಡ್ ಕದಿಯುವ ಇನ್ನೊಂದನ್ನೂ ಜೊತೆಗೆ ತರುತ್ತವೆ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಮಾತ್ರ ಅಲ್ಲ, ನೀವು ಲಾಗಿನ್ ಆಗಿದ್ದೀರಿ ಅಂತ ನೆನಪಿಡುವ ಕುಕಿಗಳೂ ಹೋಗುತ್ತವೆ. ಕುಕಿ ಸಿಕ್ಕರೆ ಓಟಿಪಿ ಇಲ್ಲದೇ ನಿಮ್ಮ ಜಿಮೇಲ್ ಒಳಗೆ ಬರಬಹುದು. "ನಾನೂ ಹಾಗೇ ಹಾಕಿದ್ದು, ಏನೂ ಆಗಿಲ್ಲ" ಅಂದ ಇಬ್ಬರಿಗೆ ನಾನು ಹೇಳುವುದು ಇದು: ರ‍್ಯಾನ್ಸಮ್‌ವೇರ್ ಆದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಇವತ್ತೇ ಫೋನ್‌ನಿಂದ ಗೂಗಲ್ ಅಕೌಂಟ್ ತೆರೆದು ಸೆಕ್ಯುರಿಟಿಯಲ್ಲಿ ಯಾವ ಯಾವ ಸಾಧನ ಇದೆ ನೋಡಿ, ಗೊತ್ತಿಲ್ಲದ್ದೆಲ್ಲ ಸೈನ್ ಔಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಆ ಕಂಪ್ಯೂಟರ್‌ನಲ್ಲೇ ಕೂತು ಬದಲಿಸಿದರೆ ಹೊಸದೂ ಅವರಿಗೇ ಹೋಗುತ್ತದೆ. ಬ್ಯಾಂಕಿನಿಂದ ದುಡ್ಡು ಹೋಗಿದ್ದು ಕಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಈಗ ನಾನು ಮಾಡುವ ಬ್ಯಾಕಪ್. ಎರಡು ಡಿಸ್ಕ್ ಇವೆ. ಒಂದಕ್ಕೆ "ಅ", ಇನ್ನೊಂದಕ್ಕೆ "ಆ" ಅಂತ ಸ್ಟಿಕ್ಕರ್ ಅಂಟಿಸಿದ್ದೇನೆ. "ಅ" ನಮ್ಮ ಮನೆಯಲ್ಲಿ, "ಆ" ನನ್ನ ತಂಗಿ ಮನೆಯಲ್ಲಿ. ಭಾನುವಾರ ಬೆಳಗ್ಗೆ ಮೊದಲು ಕಂಪ್ಯೂಟರ್‌ನಲ್ಲಿ ಹಳೆಯ ಐದಾರು ಫೋಟೊ, ಈ ವಾರದ ಐದಾರು ಫೋಟೊ ತೆರೆದು ನೋಡುತ್ತೇನೆ. ಎಲ್ಲ ಸರಿಯಾಗಿ ತೆರೆದರೆ ಮಾತ್ರ ಡಿಸ್ಕ್ ಸಿಕ್ಕಿಸುವುದು. ಇದನ್ನು ಬಿಡಬೇಡಿ, ಇದೇ ಮುಖ್ಯ. ಕಾಪಿ ಮುಗಿದ ತಕ್ಷಣ ಎಜೆಕ್ಟ್ ಮಾಡಿ ವೈರ್ ತೆಗೆದು ಬೀರು ಸೇರಿಸುತ್ತೇನೆ. ತಿಂಗಳ ಮೊದಲ ಭಾನುವಾರ ಇಲ್ಲಿರುವುದು ತಂಗಿ ಮನೆಗೆ ಹೋಗುತ್ತದೆ, ಅಲ್ಲಿರುವುದು ಇಲ್ಲಿಗೆ ಬರುತ್ತದೆ. ಎರಡನ್ನೂ ಒಂದೇ ಸಲ ಯಾವತ್ತೂ ಸಿಕ್ಕಿಸುವುದಿಲ್ಲ. ಮೂರು ಪ್ರತಿ, ಎರಡು ಥರದ ಜಾಗ, ಒಂದು ಮನೆಯಿಂದ ಹೊರಗೆ. 3-2-1 ಅನ್ನುವ ಈ ಲೆಕ್ಕವನ್ನು ಜನಪ್ರಿಯ ಮಾಡಿದ ಪೀಟರ್ ಕ್ರೋಗ್ ಕೂಡ ಫೋಟೊಗ್ರಾಫರೇ. ನನ್ನದರಲ್ಲಿ ಆ ಎರಡನೇ ಥರ ಅಂದರೆ ಗೂಗಲ್ ಡ್ರೈವ್, ಒಳ್ಳೆಯ ಚಿತ್ರಗಳಿಗೆ ಮಾತ್ರ, ಉಚಿತ 15 ಜಿಬಿ ರಾ ಫೈಲ್‌ಗೆಲ್ಲ ಸಾಲುವುದಿಲ್ಲ.

ಡ್ರೈವ್ ಇದೆ ಅಂತ ಡಿಸ್ಕ್ ಬಿಡಬೇಡಿ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಇಲ್ಲಿ ಫೈಲ್ ಕೆಟ್ಟರೆ ಕೆಟ್ಟದ್ದೇ ಮೇಲೆ ಹೋಗುತ್ತದೆ. ಹಳೆ ಪ್ರತಿ 30 ದಿನ ಸಿಗುತ್ತದೆ, ಅಷ್ಟರಲ್ಲಿ ನಿಮಗೆ ಗೊತ್ತಾಗಬೇಕು. ಹಲವು ಡಿಸ್ಕ್ ಜೋಡಿಸಿದ ರೇಡ್ ಇದೆ, ಮನೆಯಲ್ಲಿ ನೆಟ್‌ವರ್ಕ್‌ಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ ನ್ಯಾಸ್ ಇದೆ ಅನ್ನುವವರಿಗೂ ಇದೇ ಮಾತು. ಕಂಪ್ಯೂಟರ್‌ನಲ್ಲಿ ಡ್ರೈವ್ ಆಗಿ ಕಾಣುತ್ತಿದ್ದರೆ ಅದಕ್ಕೂ ಬೀಗ ಬೀಳುತ್ತದೆ. ಕಾಪಿ ಮಾಡಲು ನಾನು ಫ್ರೀಫೈಲ್‌ಸಿಂಕ್ ಬಳಸುತ್ತೇನೆ. ಅದರಲ್ಲಿ ಮಿರರ್ ಇಡಬೇಡಿ, ಅಪ್‌ಡೇಟ್ ಇಡಿ. ಮಿರರ್ ಇಟ್ಟರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಹಳೆ ಪ್ರತಿಗಳನ್ನು ಉಳಿಸುವ ವರ್ಶನಿಂಗ್ ಕೂಡ ಆನ್ ಮಾಡಿ. ಡಿಸ್ಕ್ ಯಾವ ಕಂಪನಿಯದು ಅಂತ ಇಲ್ಲಿ ವಾರಕ್ಕೊಮ್ಮೆ ಜಗಳ ಆಗುತ್ತದೆ. ಸೀಗೇಟ್, ಡಬ್ಲ್ಯುಡಿ, ತೋಶಿಬಾ ಯಾವುದಾದರೂ ತನ್ನ ದಿನ ಬಂದಾಗ ಹೋಗುತ್ತದೆ. ದುಬಾರಿ ಒಂದರ ಬದಲು ಸಾಧಾರಣ ಎರಡು ತಗೊಳ್ಳಿ. ಮಲೆನಾಡಿನವರು ಮಳೆಗಾಲದಲ್ಲಿ ಲೆನ್ಸ್ ಇಡುವ ಡ್ರೈಬಾಕ್ಸ್‌ನಲ್ಲೇ ಡಿಸ್ಕ್ ಇಡಿ.

ಆಂಟಿವೈರಸ್ ಬಗ್ಗೆ. ಮನೆ ಕಂಪ್ಯೂಟರ್‌ಗೆ ಡಿಫೆಂಡರ್ ಸಾಕು, ಅದನ್ನು ನಾವು ಆಫ್ ಮಾಡದಿದ್ದರೆ. ಕ್ವಿಕ್ ಹೀಲ್ ಹಾಕಿಸಿದವರು ತೆಗೆಯಬೇಕಿಲ್ಲ, ಆದರೆ ಅವಧಿ ಮುಗಿದ ಮೇಲೂ ಹಾಗೇ ಬಿಟ್ಟುಕೊಂಡಿರಬೇಡಿ. ಉಚಿತ ಅಂತ ಅವಾಸ್ಟ್ ಹಾಕಲು ನಾನು ಹೇಳುವುದಿಲ್ಲ. ಬಳಸುವವರ ಬ್ರೌಸಿಂಗ್ ಮಾಹಿತಿ ಮಾರಿದ ವಿಷಯದಲ್ಲಿ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅವರಿಗೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಡಿಫೆಂಡರ್‌ನಲ್ಲೇ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಇದೆ, ಗೊತ್ತಿಲ್ಲದ ಪ್ರೋಗ್ರಾಂ ಫೋಲ್ಡರ್‌ನ ಫೈಲ್ ಬದಲಿಸದಂತೆ ತಡೆಯುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗೆ ಸಿಗುತ್ತದೆ, ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿ ನಿಮ್ಮ ಡಿ ಡ್ರೈವ್‌ನ ಫೋಟೊ ಫೋಲ್ಡರ್ ಅದಕ್ಕೆ ಸೇರಿಸಿ. ಶುರುವಿನಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಸೇವ್ ಮಾಡಲು ಬಿಡದೆ ಕಾಟ ಕೊಡುತ್ತದೆ, ಅದೊಂದಕ್ಕೆ ಅನುಮತಿ ಕೊಡಿ. ಸಿಟ್ಟು ಬಂದು ಪೂರ್ತಿ ಆಫ್ ಮಾಡಬೇಡಿ. ಬೇರೆ ಆಂಟಿವೈರಸ್ ಇದ್ದರೆ ಇದು ಕೆಲಸ ಮಾಡುವುದಿಲ್ಲ.

ಅಲ್ಲೇ ಎಕ್ಸ್‌ಕ್ಲೂಶನ್ಸ್, ಅಂದರೆ ಡಿಫೆಂಡರ್ ನೋಡದೆ ಬಿಡುವ ಜಾಗಗಳ ಪಟ್ಟಿಯನ್ನೂ ತೆರೆದು ನೋಡಿ. ಅಂಗಡಿಯಲ್ಲಿ ವಿಂಡೋಸ್ ಹಾಕಿಸಿದವರೆಲ್ಲ ಖಂಡಿತ ನೋಡಿ. ಆಕ್ಟಿವೇಟರ್ ಸಿಕ್ಕಿಬೀಳಬಾರದು ಅಂತ ಸಿ ಡ್ರೈವನ್ನೇ ಪೂರ್ತಿ ಆ ಪಟ್ಟಿಗೆ ಸೇರಿಸಿ ಕೊಟ್ಟಿದ್ದನ್ನು ಪರಿಚಯದವರ ಎರಡು ಕಂಪ್ಯೂಟರ್‌ನಲ್ಲಿ ನಾನೇ ಕಂಡಿದ್ದೇನೆ. ಡಿಫೆಂಡರ್ ಹಸಿರು ಟಿಕ್ ತೋರಿಸುತ್ತಿರುತ್ತದೆ, ನೋಡಬೇಕಾದದ್ದನ್ನೇ ನೋಡುತ್ತಿರುವುದಿಲ್ಲ. ದುಡ್ಡು ಕೊಟ್ಟು ಕೆಲಸ ಮಾಡಿಸುವವರಿಗೆ ಹೀಗೆ ಮಾಡಿಕೊಡುವುದು ತಪ್ಪು, ಕೇಳದೆ ತಗೊಂಡು ಬರುವುದು ನಮ್ಮ ತಪ್ಪು. ವಿಂಡೋಸ್ 10ರಲ್ಲೇ ಇರುವವರೂ ಗಮನಿಸಿ, ಅದರ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಕ್ರ್ಯಾಕ್ ಬದಲು ಏನು ಅಂತ ಕೇಳುತ್ತೀರಿ. ನಿಕಾನ್‌ನವರು ಎನ್‌ಎಕ್ಸ್ ಸ್ಟುಡಿಯೋ, ಕ್ಯಾನನ್‌ನವರು ಡಿಜಿಟಲ್ ಫೋಟೊ ಪ್ರೊಫೆಷನಲ್ ಕೊಡುತ್ತಾರೆ, ಕ್ಯಾಮೆರಾ ಕೊಂಡವರಿಗೆ ಎರಡೂ ಉಚಿತ. ನಾನು ಐದು ವರ್ಷದಿಂದ ಡಾರ್ಕ್‌ಟೇಬಲ್ ಅನ್ನುವ ಉಚಿತ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿದ್ದೇನೆ. ಮೊದಲ ತಿಂಗಳು ಕಷ್ಟ ಆಯಿತು, ನಿಜ. ಆದರೆ ಮಳೆಗಾಲದ ಮಂಕು ಬೆಳಕಿನಲ್ಲಿ ತೆಗೆದ ಚಿತ್ರಗಳ ನಾಯ್ಸ್ ತೆಗೆಯಲು ಅದು ಚೆನ್ನಾಗಿದೆ. ಗಿಂಪ್ ಅನ್ನುವ ಇನ್ನೊಂದು ಉಚಿತ ಎಡಿಟರ್ ಬೇಕಾದರೆ ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತು ಒತ್ತಬೇಡಿ. 2022ರಲ್ಲಿ ಗಿಂಪ್‌ನ ಸರಿಯಾದ ವಿಳಾಸವನ್ನೇ ತೋರಿಸುವ ಗೂಗಲ್ ಜಾಹೀರಾತು ಒಂದು ನಕಲಿ ತಾಣಕ್ಕೆ ಕರೆದುಕೊಂಡು ಹೋಗುತ್ತಿತ್ತು, ಅಲ್ಲಿ ಸಿಗುತ್ತಿದ್ದದ್ದು ಪಾಸ್‌ವರ್ಡ್ ಕದಿಯುವ ವೈಡಾರ್. ವಿಳಾಸ ನಾವೇ ಟೈಪ್ ಮಾಡಿ ಹೋಗುವುದು ಒಳ್ಳೆಯದು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಕೂಡ ಆನ್ ಮಾಡಿಕೊಳ್ಳಿ. ಪ್ರಿಸೆಟ್ (ಸಿದ್ಧ ಎಡಿಟಿಂಗ್ ಸೆಟ್ಟಿಂಗ್) ಅಂತ ಇಲ್ಲಿ ಹಂಚುವ ಫೈಲ್ ಇಎಕ್ಸ್‌ಇ ಅಂತ ಕೊನೆಯಾದರೆ ಅದು ಪ್ರಿಸೆಟ್ ಅಲ್ಲ, ಓಡುವ ಪ್ರೋಗ್ರಾಂ.

ಸರ್, ಆ ಝಿಪ್ ಬರೀ ಡೌನ್‌ಲೋಡ್ ಆಗಿದೆಯಾ, ಇಲ್ಲ ಒಳಗಿನ ಸೆಟಪ್ ಒಮ್ಮೆಯಾದರೂ ಒತ್ತಿದ್ದೀರಾ? ಮೊದಲು ಅದನ್ನು ತಿಳಿಸಿ. ಒತ್ತಿಲ್ಲವಾದರೆ ಝಿಪ್ ಅಳಿಸಿ ಫುಲ್ ಸ್ಕ್ಯಾನ್ ಕೊಡಿ, ಸಾಕು. ಒತ್ತಿದ್ದರೆ ಇಂಟರ್‌ನೆಟ್ ತೆಗೆದು ಹಾಗೇ ಬಿಡಿ, ಡಿಸ್ಕ್ ವಾಪಸ್ ಸಿಕ್ಕಿಸಬೇಡಿ, ಫೋನ್‌ನಿಂದ ಇಲ್ಲಿ ಬರೆಯಿರಿ. ನಾನು ರಾತ್ರಿ ಹತ್ತರವರೆಗೂ ನೋಡುತ್ತಿರುತ್ತೇನೆ.